ಉಡಿಯಲ್ಲಿ ಬಂದ ಬಾಡಿಗೆ

ಆ ಸೋಮವಾರ ಮಧ್ಯಾಹ್ನ ನಾವು ಮೂವರೂ ಪಡಸಾಲೆಯಲ್ಲಿದ್ದೆವು. ಅಕ್ಕ ಅರ್ಧ ಹೊಲಿದ ಕೌದಿಯನ್ನು ನೆಲದ ತುಂಬ ಹರವಿಕೊಂಡು ಕೂತಿದ್ದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ನಮ್ಮ ಮನೆಯವರು ಗೋಡೆಗೆ ಒರಗಿ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ವಕೀಲರ ಕಡೆಯಿಂದ ತಂದ ಕಾಗದ ತುಂಬುತ್ತಿದ್ದರು. ಹೊರಗೆ ವಿಜಾಪುರದ ಜೋರಾಪುರ ಪೇಟೆಯ ಓಣಿ ಬಿಸಿಲಿಗೆ ಸುಮ್ಮನಾಗಿತ್ತು. ನಳಕ್ಕೆ ಭೂತನಾಳ ಕೆರೆಯ ನೀರು ಬರಲು ಇನ್ನೂ ಹೊತ್ತಿತ್ತು. ಬಾಗಿಲ ಬಳಿ ಎರಡು ಖಾಲಿ ಕೊಡಗಳಿದ್ದವು, ಒಂದು ನನ್ನದು, ಒಂದು ಅಕ್ಕನದು. ನಾವು ಮೂವರೂ ಹಾಗೆ ಕೂತದ್ದು ಅದೇ ಕೊನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಬಬಲೇಶ್ವರದವಳು. ಅವಳ ತಮ್ಮ ನಮ್ಮ ಮನೆಯವರ ಧಾನ್ಯದ ಅಡತಿ ಅಂಗಡಿಗೆ ಜೋಳ ಹಾಕುತ್ತಿದ್ದ. ಒಂದು ವರ್ಷ ಚೀಲಗಳ ಜೊತೆ ತನ್ನ ಅಕ್ಕನ ಮಾತನ್ನೂ ತಂದ. ಅವಳ ಗಂಡ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದವನು ಯುದ್ಧ ಶುರುವಾದ ಮೇಲೆ ಊರಿಗೆ ಬಂದಿರಲಿಲ್ಲ. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಕೊನೆಯ ಕಾಗದದಲ್ಲಿ, ವಿಜಾಪುರದಲ್ಲಿ ಒಂದು ಖೋಲಿ ಹಿಡಿ, ನಾನು ರೈಲಿನಿಂದ ಇಳಿದು ನೇರ ಅಲ್ಲಿಗೇ ಬರುತ್ತೇನೆ, ಹಳ್ಳಿಗೆ ಬಂದು ನಾಲ್ಕು ಜನರ ಮುಂದೆ ನಿಲ್ಲಲಾರೆ ಎಂದು ಬರೆದಿದ್ದನಂತೆ. ಅವನ ಮೇಲೆ ಊರಲ್ಲಿ ಏನೋ ಮಾತಿತ್ತು. ಏನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾವಿದ್ದದ್ದೂ ಬಾಡಿಗೆ ಮನೆಯೇ. ಮಾಳಿಗೆ ಮನೆ, ಒಳಗೆ ಎರಡು ಖೋಲಿ, ನಡುವೆ ಪಡಸಾಲೆ, ಓಣಿಯ ಕಡೆಗೆ ಬೇರೆ ಬಾಗಿಲಿರುವ ಒಂದು ಸಣ್ಣ ಖೋಲಿ. ನಮಗೆ ಮಕ್ಕಳಿರಲಿಲ್ಲ. ಆ ಓಣಿಯ ಖೋಲಿಯಲ್ಲಿ ಕಟ್ಟಿಗೆ, ಕುಳ್ಳು ಇಡುತ್ತಿದ್ದೆವು. ಅದನ್ನು ಸಾರಿಸಿ ಅಕ್ಕನಿಗೆ ಕೊಟ್ಟೆವು. ಅವಳು ಬಂದ ಮೊದಲ ದಿನವೇ ಬಾಗಿಲಿಗೆ ನೀಲಿ ಬಣ್ಣ ತಂದು ಬಳಿದಳು. ಓಣಿಯಲ್ಲಿ ಮತ್ತೆ ಯಾರದೂ ನೀಲಿ ಬಾಗಿಲಿರಲಿಲ್ಲ. ನನ್ನ ಕೈಯಿಂದ ಸೊಲ್ಲಾಪುರಕ್ಕೆ ಕಾಗದ ಬರೆಸಿದಳು. ನಾನು ಕನ್ನಡ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವಳು, ಅಷ್ಟು ಬರೆಯಬಲ್ಲೆ. 'ಜೋರಾಪುರ ಪೇಟೆ, ನೀಲಿ ಬಾಗಿಲು' ಎಂದು ವಿಳಾಸದಲ್ಲಿ ಎರಡು ಸಲ ಬರೆಸಿದಳು.

ಬಾಡಿಗೆಯಲ್ಲಿ ಅಕ್ಕ ತನ್ನ ಪಾಲು ಕೊಡುತ್ತಾಳೆ ಎಂದು ಅವಳ ತಮ್ಮ ಮೊದಲೇ ಹೇಳಿದ್ದ. ಆದರೆ ಮೊದಲ ತಿಂಗಳು ಮುಗಿದಾಗ ಇಬ್ಬರಿಗೂ ಇಕ್ಕಟ್ಟಾಯಿತು. ಒಂದೇ ನಳದಿಂದ ನೀರು ತುಂಬಿ, ಒಂದೇ ಹಂಚಿನ ಮೇಲೆ ರೊಟ್ಟಿ ಬಡಿದವರು. ಅವಳು ಕೈಚಾಚಿ ಹೇಗೆ ಕೊಡಬೇಕು, ನಾನು ಹೇಗೆ ಇಸಿದುಕೊಳ್ಳಬೇಕು? ಮೊದಲ ಶುಕ್ರವಾರ ಸಂಜೆ ಅವಳು ತಾಟು ಹಿಡಿದು ಬಂದಳು. ಕುಂಕುಮ ಹಚ್ಚಿ, ಸೆರಗು ಒಡ್ಡು ಎಂದಳು. ಹಬ್ಬವಿಲ್ಲ ಏನಿಲ್ಲ, ನನಗೆ ಉಡಿ ತುಂಬಿದಳು. ಜೋಳ, ಕೊಬ್ಬರಿ ಬಟ್ಟಲು, ಅರಿಶಿನ ಬೇರು. ಒಳಗೆ ಹೋಗಿ ಬಿಚ್ಚಿದರೆ ಜೋಳದ ನಡುವೆ ಅರಿವೆಯ ಗಂಟಿನಲ್ಲಿ ಅವಳ ಪಾಲಿನ ಬಾಡಿಗೆ ಇತ್ತು. ಅಂದಿನಿಂದ ಪ್ರತಿ ತಿಂಗಳೂ ಹಾಗೇ ನಡೆಯಿತು. ಉಡಿಗೆ ರಸೀದಿ ಬರೆಯುವುದು ಯಾರಿಗೂ ಹೊಳೆಯಲಿಲ್ಲ.

ಈಗ ಆ ಕಾಗದದ ವಿಷಯ. ಯುದ್ಧದ ವರ್ಷಗಳಲ್ಲಿ ಅಂಗಡಿಯ ವ್ಯಾಪಾರ ತುಸು ಬೆಳೆದಿತ್ತು. ಯುದ್ಧ ಮುಗಿದ ಮರುವರ್ಷ ಮೊದಲ ಬಾರಿಗೆ ನಮ್ಮ ಮನೆಯವರಿಗೆ ಇನ್‌ಕಮ್ ಟ್ಯಾಕ್ಸಿನ ನೋಟೀಸು ಬಂದಿತ್ತು. ಫಾರ್ಮು ಇಂಗ್ರೇಜಿಯಲ್ಲಿತ್ತು. ಆದ್ದರಿಂದ ವಕೀಲರ ಗುಮಾಸ್ತ ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಟ್ಟಿದ್ದ. ಉತ್ತರ ಬರೆದು ಸಹಿ ಮಾಡಿ ಕೊಟ್ಟರೆ ಅವನು ಇಂಗ್ರೇಜಿ ಮಾಡಿ ಕಳಿಸುವವನು. ನಮ್ಮ ಮನೆಯವರು ಪೆನ್ಸಿಲ್ಲನ್ನು ನಾಲಿಗೆಗೆ ಹಚ್ಚಿ ಹಚ್ಚಿ ಏಳನೆಯ ಪ್ರಶ್ನೆಗೆ ಬಂದರು.

"ಅಕ್ಕಾರ, ನಿಮ್ಮ ಸುದ್ದಿ ಬಂತ ನೋಡ್ರಿ ಇಲ್ಲಿ," ಎಂದರು.

"ಸರಕಾರಕ್ಕ ನನ್ನ ಸುದ್ದಿ ಯಾರು ಹೇಳ್ಯಾರ್ರಿ, ಸಾವಕಾರ್ರ?" ಅಕ್ಕ ಕೌದಿಯಿಂದ ತಲೆ ಎತ್ತಲಿಲ್ಲ.

"ಬಾಡಿಗಿ ಮನ್ಯಾಗ ಇದ್ದು, ಒಂದು ಖೋಲಿ ಮತ್ತೊಬ್ಬರಿಗೆ ಕೊಟ್ಟೀರೇನು, ಅವರಿಂದ ಏನ ಬರತೈತಿ ಅಂತ ಕೇಳ್ಯಾರ."

"ಅದಕ್ಕೂ ತೆರಿಗಿ ಐತೇನ್ರಿ?" ನಾನು ಕೇಳಿದೆ.

"ಇಲ್ಲ. ವಕೀಲರು ಬಿಡಿಸಿ ಹೇಳ್ಯಾರ. ಬಂದದ್ದು ಪೂರಾ ತೋರಸಬೇಕು. ಆ ಖೋಲಿ ಪಾಲಿಗೆ ನಾವು ಮಾಲಕಗ ಕೊಡೂದು ಏನೈತಿ, ಅದನ್ನ ಕಳೀಬೇಕು. ಏನರ ಉಳದ್ರ ಅದಕ್ಕಷ್ಟ ತೆರಿಗಿ. ನಮಗೇನ ಉಳೀತೈತಿ? ಈ ಕೈಲೆ ಇಸ್ಕೊಂಡು ಆ ಕೈಲೆ ಕೊಡತೇವಿ. ಸೊನ್ನಿ."

"ಸೊನ್ನಿ ಅಂದ್ರ ಬರಿಯೂದ್ಯಾಕ್ರಿ? ಬಿಟ್ಟಬಿಡ್ರಿ," ಎಂದೆ.

"ಸೊನ್ನಿ ಆದ್ರೂ ತೋರಸಬೇಕಂತ. ಖೋಲಿಯಾಗ ಯಾರ ಅದಾರ, ಏನ ಕೊಡತಾರ, ಎಲ್ಲಾ."

ಅಕ್ಕ ಈಗ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ನಿಲ್ಲಿಸಿದಳು. "ನಾ ಬಾಡಿಗಿ ಕೊಡಾಕಿ ಆದೆ ಅಂದ್ರ ನಿಮ್ಮ ಮನೆಯಾಕಿ ನನಗ ಮಾಲಕಳಾದ್ಳು. ನಾಳಿಂದ ಆಕಿ ಎದ್ದ ಕೂಡಲೆ ಕೈ ಮುಗದ ನಿಂದರತೇನಿ ನೋಡ್ರಿ. ಯವ್ವಾ ಮಾಲಕ್ಳ, ನೀರ ತುಂಬಲೇನ್ರಿ?"

ನನಗೆ ನಗು ಬಂತು. ನಮ್ಮ ಮನೆಯವರಿಗೂ ಬಂತು. ಆದರೂ ಅವರು ಪೆನ್ಸಿಲ್ಲು ಹಾಳೆಯ ಮೇಲಿಟ್ಟೇ ಇದ್ದರು. ಅವರು ಬರೆದುಬಿಡುವವರೇ. ಆಗ ನಾನು ಹೇಳಿದೆ:

"ಆಕಿ ನನ್ನ ಉಡ್ಯಾಗ ಹಾಕ್ತಾಳ್ರಿ. ಉಡಿ ತುಂಬಿದ್ದನ್ನ ಸರಕಾರದ ಕಾಗದದಾಗ ಬಾಡಿಗಿ ಅಂತ ಬರದ್ರ ದೇವರು ಮೆಚ್ಚತಾನೇನು? ಅದರ ಮ್ಯಾಲ ಒಂದು ಪೈಸಾ ತೆರಿಗಿ ಇಲ್ಲ ಅಂತ ನೀವ ಹೇಳತೀರಿ. ಮತ್ಯಾಕ ಆಕಿನ್ನ ಹೊರಗಿನಾಕಿ ಮಾಡೂದು?"

"ನಾವು ಹೊರಗಿನಾಕಿ ಅಂತ ಬರಿಯೂದಿಲ್ಲ. ಬಾಡಿಗಿ ಪಾಲು ಅಂತ ಬರಿಯೂದು."

"ಎರಡೂ ಒಂದ ಬಿಡ್ರಿ."

ಅವರು ನನ್ನನ್ನೂ ಅಕ್ಕನನ್ನೂ ನೋಡಿದರು. ಅಕ್ಕ ಹೌದೆಂದು ತಲೆ ಆಡಿಸಿದಳು. "ಇಬ್ಬರೂ ಒಂದಾದ್ರ ನಂದೇನ ನಡೀತೈತಿ," ಎಂದು ಏಳನೆಯ ಪ್ರಶ್ನೆಯ ಮುಂದೆ, ಏನೂ ಇಲ್ಲ ಎಂಬಂತೆ, ಒಂದು ಅಡ್ಡಗೆರೆ ಎಳೆದರು. ಮುಂದಿನದಕ್ಕೆ ಹೋದರು. ಆಮೇಲೆ ನಳಕ್ಕೆ ನೀರು ಬಂತು, ನಾವು ಕೊಡ ಎತ್ತಿಕೊಂಡು ಎದ್ದೆವು.

ಮಂಗಳವಾರ ಮುಂಜಾನೆ ಅವರು ಹಾಳೆಗೂ ಇಂಗ್ರೇಜಿ ಫಾರ್ಮಿಗೂ ಸಹಿ ಮಾಡಿ ವಕೀಲರಿಗೆ ಕೊಟ್ಟು ಬಂದರು. ಬುಧವಾರ ತೊಗರಿಯ ಮಾಲು ನೋಡಲು ಹೊನವಾಡಕ್ಕೆ ಹೋದರು. ಅಲ್ಲಿ ಒಬ್ಬ ರೈತನ ಕಟ್ಟೆಯ ಮೇಲೆ ನೀರು ಕುಡಿದು, ಎದೆ ಹಿಡಿದಂತಾಗುತ್ತದೆ ಎಂದು ಅಲ್ಲೇ ಒರಗಿದವರು ಏಳಲಿಲ್ಲ. ಸಂಜೆಗೆ ಚಕ್ಕಡಿಯಲ್ಲಿ ತಂದರು. ಅವರ ಅಂಗಿಯ ಕಿಸೆಯಲ್ಲಿ ಆ ಪೆನ್ಸಿಲ್ಲು ಇತ್ತು.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಕ್ಕ ತನ್ನ ಹಾಸಿಗೆಯನ್ನು ಪಡಸಾಲೆಗೆ ತಂದಳು. ಹನ್ನೊಂದು ದಿನ ಮುಗಿಯುವವರೆಗೂ ಒಲೆ ಅವಳದೇ. ನಾನು ಅತ್ತರೆ ಸುಮ್ಮನೆ ಇರುತ್ತಿದ್ದಳು, ಉಣ್ಣದಿದ್ದರೆ ಮಾತ್ರ ಬೈಯುತ್ತಿದ್ದಳು.

ಮುಂದಿನ ತಿಂಗಳ ಮೊದಲ ಶುಕ್ರವಾರ ಬಂತು. ಅಂದು ಸಂಜೆಯವರೆಗೆ ನಾನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗಂಡ ಹೋದವಳಿಗೆ ಉಡಿ ತುಂಬುವುದಿಲ್ಲ. ಅವಳು ತಾಟು ಹಿಡಿದು ಬರಲಿಲ್ಲ. ಸಂಜೆ ದೀಪ ಹಚ್ಚಲು ದೇವರ ಗೂಡಿಗೆ ಹೋದಾಗ ಹಣತೆಯ ಪಕ್ಕದಲ್ಲಿ ಆ ಅರಿವೆಯ ಗಂಟು ಇತ್ತು. ಜೋಳವಿಲ್ಲ, ಕೊಬ್ಬರಿಯಿಲ್ಲ. ಅಂದು ನನಗೆ ಅದು ಬಾಡಿಗೆ ಎಂದು ಮೊದಲ ಬಾರಿ ಅನಿಸಿತು. ಅಂದೇ ಒಂದು ರಸೀದಿ ಚೀಟಿ ಬರೆದು ಅವಳ ಕೈಗೆ ಕೊಡಬಹುದಿತ್ತು. ಕೊಡಲಿಲ್ಲ. ಚೀಟಿ ಬರೆದರೆ ನನಗೆ ಏನಾಗಿದೆ ಎಂಬುದನ್ನು ನಾನೇ ಬರೆದುಕೊಂಡಂತೆ ಅನಿಸುತ್ತಿತ್ತು.

ಅಂಗಡಿಯನ್ನು ಅವರ ಪಾಲುದಾರರು ನಡೆಸಿದರು. ನನ್ನ ಪಾಲಿಗೆ ಬಂದದ್ದರಲ್ಲಿ, ಅಕ್ಕನ ಜೊತೆ ಕೌದಿ ಹೊಲಿದದ್ದರಲ್ಲಿ, ಸುಮಾರು ಎರಡು ವರ್ಷ ಆ ಮನೆಯಲ್ಲೇ ಕಳೆದೆ. ನಡುವೆ ಸ್ವಾತಂತ್ರ್ಯ ಬಂತು. ಓಣಿಯವರೆಲ್ಲ ತೋರಣ ಕಟ್ಟಿದರು. ಅಕ್ಕ ನೀಲಿ ಬಾಗಿಲಿಗೆ ಮತ್ತೊಮ್ಮೆ ಬಣ್ಣ ಬಳಿದಳು. ರೈಲು ಬರುವ ಹೊತ್ತಿಗೆ ಆ ಬಾಗಿಲು ತೆಗೆದೇ ಇರುತ್ತಿತ್ತು. ಮಳೆ ಬಂದರೂ ತೆಗೆದಿರುತ್ತಿತ್ತು. ಪಕ್ಕದ ಮನೆಯ ಅಜ್ಜಿ, "ಏನ ಬೇ, ನಿನ್ನ ಬಾಗಲದಾಗ ಬರೇ ಬೆಕ್ಕ ಬರತಾವ, ಗಂಡ ಬರಂಗಿಲ್ಲ," ಎಂದು ಚುಡಾಯಿಸಿದರೆ, "ಬೆಕ್ಕಿಗಿ ದಾರಿ ಗೊತ್ತಾಗೇತಿ, ಅವಗೂ ಗೊತ್ತಾಗತೈತಿ ಬಿಡ್ರಿ," ಎನ್ನುತ್ತಿದ್ದಳು.

ಆಮೇಲೆ ಟಿಕೋಟಾದಲ್ಲಿ ನನ್ನ ತಾಯಿಗೆ ಕಣ್ಣು ಪೂರಾ ಹೋದವು. ಅಣ್ಣ ಬಂದು, ಇನ್ನು ನೀನು ಬರಲೇಬೇಕು ಎಂದ. ಅಂಗಡಿಯಿಂದ ಬರುವುದೂ ಕಡಿಮೆಯಾಗಿತ್ತು. ಇಡೀ ಮನೆಯ ಬಾಡಿಗೆ ಕೊಡುವ ಶಕ್ತಿ ನನಗೂ ಇರಲಿಲ್ಲ, ಅಕ್ಕನಿಗೂ ಇರಲಿಲ್ಲ. ಆದರೆ ಓಣಿಯ ಖೋಲಿಯೊಂದನ್ನು ಅವಳು ನಡೆಸಿಕೊಳ್ಳಬಲ್ಲವಳಾಗಿದ್ದಳು. ಅದೊಂದು ಅವಳಿಗೆ ಉಳಿದರೆ ಸಾಕೆಂದು ನಾನು ಮಾಲಕರ ಮನೆಗೆ ಹೋದೆ.

ಮಾಲಕರು ಕೆಟ್ಟವರಲ್ಲ. ನಮ್ಮ ಮನೆಯವರು ಹೋದಾಗ ಮೂರು ತಿಂಗಳು ಬಾಡಿಗೆ ಕೇಳಲಿಲ್ಲ. ಅವರ ಅಳಿಯನಿಗೆ ವಿಜಾಪುರಕ್ಕೆ ವರ್ಗವಾಗಿತ್ತು, ಮನೆ ಬೇಕಾಗಿತ್ತು. ನನ್ನ ಮಾತು ಪೂರಾ ಕೇಳಿ, "ನೋಡವ್ವ ತಂಗೀ, ಆಕಿ ನಿಮ್ಮ ಬಳಗ ಅಂತ ನಾ ತಿಳಕೊಂಡೇನಿ. ಓಣಿಯಾಗ ಎಲ್ಲಾರೂ ಹಂಗ ಅಂತಾರ. ಬಳಗದವರು ನಿನ್ನ ಜೋಡಿ ಬರಲಿ," ಎಂದರು.

"ಬಳಗ ಅಲ್ಲರಿ. ಆಕಿ ಬಾಡಿಗಿಗೆ ಇದ್ದಾಕಿ. ನಮ್ಮ ಕೈಯಾಗ ಪಾಲು ಕೊಡತಿದ್ಳು."

"ಈಗ ಹಂಗ ಹೇಳಾಕತ್ತೀ?" ಎಂದು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಬೇಸರವಾದಂತಿತ್ತು.

ಅಲ್ಲಿಂದ ವಕೀಲರ ಬಳಿ ಹೋದೆ. ಅಕ್ಕನೂ ಬಂದಳು, ಹೊರಗೆ ಕಟ್ಟೆಯ ಮೇಲೆ ಕೂತಳು. ವಕೀಲರು ವಯಸ್ಸಾದವರು, ನಮ್ಮ ಮನೆಯವರನ್ನು ಬಲ್ಲವರು. ಬಾಡಿಗೆಯ ಹೊಸ ಕಾಯ್ದೆ ಬಂದಿದೆ ಎಂದರು. ಇನ್ನು ಮುಂದೆ ಹೀಗೆ ಒಳಬಾಡಿಗೆಗೆ ಕೊಡುವಂತಿಲ್ಲ. ಆದರೆ ಕಾಯ್ದೆಗಿಂತ ಮೊದಲೇ ಇದ್ದವರಿಗೆ ಒಂದು ಆಸರೆ ಇದೆ. ಮೂಲ ಬಾಡಿಗೆಯವರು ಬಿಟ್ಟು ಹೋದರೂ ಅವರು ಮಾಲಕನಿಗೇ ನೇರ ಬಾಡಿಗೆಯವರಾಗಿ ತಮ್ಮ ಖೋಲಿಯಲ್ಲಿ ಇರಬಹುದು. ನನಗೆ ಜೀವ ಬಂದಂತಾಯಿತು.

"ರಸೀದಿ ಅದಾವೇನವ್ವ?"

"ಇಲ್ಲರಿ."

"ರೇಶನ್ ಕಾರ್ಡು?"

ಕೊಟ್ಟೆ. ಅವರು ಓದಿ ಮೂಗಿನ ಮೇಲಿನ ಚಾಳೀಸು ತೆಗೆದರು. "ಇದರಾಗ ಯಜಮಾನರ ಅಕ್ಕ ಅಂತ ಬರಸೀರಿ."

ಹೌದು, ಹಾಗೇ ಬರೆಸಿದ್ದೆವು. ಒಂದೇ ಕಾರ್ಡಾದರೆ ಸಕ್ಕರೆಗೆ ಒಂದೇ ಸಲ ಸಾಲು ನಿಂತರೆ ಸಾಕು ಎಂದು.

"ಇರಲಿ, ಕಾರ್ಡಿನಾಗ ಎಲ್ಲಾರೂ ಹಂಗ ಬರಸತಾರ. ಇನ್‌ಕಮ್ ಟ್ಯಾಕ್ಸಿನ ಕಾಗದ ನಮ್ಮ ಕಡೆನ ಐತಿ. ಅದು ಕಾಯ್ದೆಕ್ಕಿಂತ ಮೊದಲಿಂದು, ಯಜಮಾನರ ಸಹಿ ಇದ್ದದ್ದು. ಅದರಾಗ ಒಂದು ಸಾಲು ಇದ್ರ ಮಾಲಕರು ಏನೂ ಅನ್ನೂ ಹಂಗಿಲ್ಲ."

ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರು ದಫ್ತರದ ಗಂಟು ಬಿಚ್ಚಿ, ಒಂದೊಂದೇ ಕಾಗದ ತೆಗೆದು, ಕೊನೆಗೆ ಆ ಹಾಳೆ ಹೊರಗೆ ತೆಗೆದರು. ಎರಡು ವರ್ಷದ ಮೇಲೆ ನಮ್ಮ ಮನೆಯವರ ಅಕ್ಷರ ಕಂಡೆ. ಪೆನ್ಸಿಲ್ಲಿನದು, ಸ್ವಲ್ಪ ಮಾಸಿತ್ತು. ವಕೀಲರ ಬೆರಳು ಮೇಲಿನಿಂದ ಇಳಿದು ಇಳಿದು ಏಳನೆಯ ಸಾಲಿಗೆ ಬಂದು ನಿಂತಿತು.

"ನಾನ ಹೇಳಿದ್ದೆ ಅವರಿಗೆ, ತೋರಸ್ರಿ ಅಂತ. ತೋರಿಸಿದ್ರ ಒಂದು ಪೈಸಾ ತೆರಿಗಿ ಬೀಳತಿರಲಿಲ್ಲ."

"ಗೊತ್ತಿತ್ತರಿ," ಎಂದೆ.

"ಗೊತ್ತಿದ್ದು ಯಾಕ ಬಿಟ್ರು?"

ಉಡಿಯ ಮಾತನ್ನು ಅವರಿಗೆ ಹೇಳಿದೆ. ಅವರು ಹಾಳೆಯನ್ನು ಮಡಚಿ ಇಟ್ಟರು. ಆಮೇಲೆ, ಬಾಯಿಮಾತಿನ ಸಾಕ್ಷಿ ಹಾಕಿ ಕೋರ್ಟಿಗೆ ಹೋಗಬಹುದು, ಆದರೆ ಇಲ್ಲ ಎಂದು ಯಜಮಾನರೇ ಸಹಿ ಮಾಡಿದ ಕಾಗದವನ್ನು ಎದುರಿನವರು ತರಿಸಿದರೆ ಸತ್ತವರ ಮೇಲೆ ಸುಳ್ಳಿನ ಮಾತು ಬರುತ್ತದೆ ಎಂದರು. ಕಾರ್ಡಿನಲ್ಲಿ ಅಕ್ಕ, ತೆರಿಗೆಯ ಕಾಗದದಲ್ಲಿ ಯಾರೂ ಇಲ್ಲ. ನಾವು ಮೂವರೂ ಕೂಡಿ ಅವಳನ್ನು ಎಲ್ಲ ಕಡೆಯೂ ಮನೆಯವಳನ್ನಾಗಿ ಮಾಡಿಟ್ಟಿದ್ದೆವು. ಮನೆ ಬಿಡುವಾಗ ಮನೆಯವಳೂ ಬಿಡಬೇಕು.

ಆ ಹಾಳೆಯನ್ನು ನನಗೆ ಕೊಡುತ್ತೀರಾ ಎಂದು ಕೇಳಿದೆ. ಇಂಗ್ರೇಜಿ ನಕಲು ಬೇರೆ ಇದ್ದುದರಿಂದ ಕೊಟ್ಟರು.

ಹೊರಗೆ ಬಂದು ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತು ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ಬಿಡು. ನಾನೂ ತಲಿ ಆಡಿಸಿದ್ದೆ ಅಲ್ಲ? ಸಾವಕಾರ್ರು ಇಬ್ಬರನ್ನೂ ನೋಡಿನ ಗೆರಿ ಎಳದ್ರು." ಸೆರಗಿನ ತುದಿ ಕೈಬಿಟ್ಟು, "ಖೋಲಿ ಇರಲಿಲ್ಲಂದ್ರ ನಡೀತಿತ್ತು ತಂಗೀ. ಬಾಗಲ ಬೇಕಾಗಿತ್ತು," ಎಂದಳು.

ಮನೆ ಬಿಡುವ ಮುಂಜಾನೆ ನನ್ನ ಕೈಗೆ ಇದ್ದಲಿ ಕೊಟ್ಟು, ನೀಲಿ ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಸಿದಳು. 'ಬಬಲೇಶ್ವರಕ್ಕೆ ಹೋಗಿದ್ದೇನೆ. ತಮ್ಮನ ಮನೆ. ಹಿತ್ತಲ ಬಾಗಿಲಿನಿಂದ ಬಂದರೆ ಯಾರೂ ನೋಡುವುದಿಲ್ಲ.' ಕೊನೆಯ ಮಾತು ಬರೆಯುವಾಗ ನಾನು ಅವಳ ಮುಖ ನೋಡಲಿಲ್ಲ. ಸೊಲ್ಲಾಪುರಕ್ಕೂ ಒಂದು ಕಾಗದ ಹಾಕಿದೆವು. ಆ ಕಾಗದಕ್ಕೆ ಉತ್ತರವೂ ಬರಲಿಲ್ಲ, ಅದು ತಿರುಗಿಯೂ ಬರಲಿಲ್ಲ. ಸರ್ವಿಸ್ ಮೋಟಾರಿನ ಸ್ಟ್ಯಾಂಡಿನಲ್ಲಿ ಅವಳು ಬಬಲೇಶ್ವರದ ಗಾಡಿ ಹತ್ತಿದಳು, ನಾನು ಟಿಕೋಟಾದ್ದು. ನನ್ನ ಗಾಡಿ ಮೊದಲು ಹೊರಟಿತು.

ಆ ದೀಪಾವಳಿಯ ನಂತರ ತಾಯಿಗೆ ಔಷಧಿ ತರಲು ವಿಜಾಪುರಕ್ಕೆ ಹೋದಾಗ ಓಣಿಯಲ್ಲಿ ಹಾದುಬಂದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಿದ್ದರು. ಬಾಗಿಲಿಗೆ ಹಸಿರು ಬಣ್ಣ ಕೊಟ್ಟಿದ್ದರು. ಮಾಲಕರ ಮಗಳಿರಬೇಕು, ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದು, "ಯಾರು ಬೇಕ್ರಿ?" ಎಂದಳು. ಯಾರೂ ಬೇಡವೆಂದು ಹೇಳಿ ಬಂದೆ. ಈ ನಡುವೆ ಯಾರಾದರೂ ಅಕ್ಕನನ್ನು ಹುಡುಕಿಕೊಂಡು ಹೀಗೇ ಬಂದು ನಿಂತಿದ್ದರೇ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು.

ಬಬಲೇಶ್ವರಕ್ಕೆ ಎರಡು ಸಲ ಹೋಗಿ ಬಂದೆ. ತಮ್ಮನ ಮನೆಯಲ್ಲಿ ಅವಳಿಗೆ ಊಟಕ್ಕೆ, ಮಾತಿಗೆ ಕೊರತೆ ಇರಲಿಲ್ಲ. ಹಿತ್ತಲ ಕಡೆಯ ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದಳು. ಎರಡನೆಯ ಸಲ ಹೋದಾಗ, "ರೈಲಿನ ಸಪ್ಪಳ ಇಲ್ಲಿ ಕೇಳಂಗಿಲ್ಲ ನೋಡು, ಹೊತ್ತ ಹೋಗೂದ ಗೊತ್ತಾಗವಲ್ದು," ಎಂದಳು. ಅಷ್ಟೇ ಅವಳ ದೂರು.

ಈ ಮಾಘದಲ್ಲಿ ಜ್ವರ ಬಂದು ಆರು ದಿನಕ್ಕೆ ತೀರಿಕೊಂಡಳು. ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮರುದಿನ. ಹೋದಾಗ ಅವಳ ತಮ್ಮನ ಹೆಂಡತಿ ನನಗೊಂದು ಕೌದಿ ಕೊಟ್ಟಳು. ನಮ್ಮ ಮನೆಯವರ ಎರಡು ಹಳೆಯ ಧೋತರ, ನನ್ನ ಕೆಂಪು ಸೀರೆಯೊಂದು ಅದರಲ್ಲಿವೆ. ಆ ಸೋಮವಾರ ಪಡಸಾಲೆಯಲ್ಲಿ ಹರವಿದ್ದದ್ದು ಅದೇ. ಅವಳನ್ನು ಮಣ್ಣು ಮಾಡುವಾಗ ಮುತ್ತೈದೆಯಂತೆ ಉಡಿ ತುಂಬಿದರಂತೆ. ಅವಳ ಗಂಡ ಇದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲದ್ದರಿಂದ ಹಾಗೇ ಮಾಡಿದರು. ಸರಿ ಮಾಡಿದಿರಿ ಎಂದು ಹೇಳಿದೆ.

ವಕೀಲರು ಕೊಟ್ಟ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಅದು ನಮ್ಮ ಮನೆಯವರು ಕೊನೆಗೆ ಬರೆದದ್ದು. ಅಂಗಡಿಯ ಹೆಸರಿದೆ, ಮಾಲಕರ ಹೆಸರಿದೆ, ಕೆಳಗೆ ಅವರ ಸಹಿ ಇದೆ. ಏಳನೆಯ ಪ್ರಶ್ನೆಯ ಮುಂದೆ ಅಕ್ಕನ ಹೆಸರಿಲ್ಲ.